ವಾಷಿಂಗ್ಟನ್ ಹೈಸ್ಕೂಲಿನ ಗೋಡೆಚಿತ್ರ: ಅಳಿಸೋಕೆ ಹೊರಟಿದ್ದು ಯಾಕೆ, ಉಳಿದಿದ್ದು ಹೇಗೆ?

ಅಮೆರಿಕದಲ್ಲಿ ಪ್ರತಿಮೆ, ಮ್ಯೂಸಿಯಂ, ಪಾಠಪುಸ್ತಕದ ಬಗ್ಗೆ ಗಲಾಟೆ ಎದ್ದಾಗೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ವಾಷಿಂಗ್ಟನ್ ಹೈಸ್ಕೂಲ್ ಅನ್ನೋ ಸರ್ಕಾರಿ ಶಾಲೆಯ ಗೋಡೆಚಿತ್ರಗಳ ಹೆಸರು ಮತ್ತೆ ಮತ್ತೆ ಬರುತ್ತೆ. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಅವರ ಜೀವನದ ಜೊತೆ ಗುಲಾಮರನ್ನೂ ಒಬ್ಬ ಮೂಲನಿವಾಸಿಯ ಹೆಣವನ್ನೂ ತೋರಿಸೋ ಚಿತ್ರಗಳು ಅವು. ಓದಿದವರಿಗೆ ತಲೆಬುಡ ಅರ್ಥ ಆಗಲ್ಲ. ಚಿತ್ರ ಬರೆದವರು ಕಮ್ಯುನಿಸ್ಟ್, ಅದನ್ನ ಅಳಿಸಬೇಕು ಅಂದ ಸ್ಕೂಲ್ ಬೋರ್ಡಿನವರು ಪ್ರಗತಿಪರರು, ಅಳಿಸಬೇಡಿ ಅಂತ ಎದ್ದು ನಿಂತವರಲ್ಲೂ ಹೆಚ್ಚಿನವರು ಪ್ರಗತಿಪರರೇ, ಕೊನೆಗೆ ಕೋರ್ಟು ತೀರ್ಪು ಕೊಟ್ಟಿದ್ದು ಕಲೆಯ ಮೇಲೂ ಅಲ್ಲ ಜನಾಂಗಭೇದದ ಮೇಲೂ ಅಲ್ಲ, ಪರಿಸರ ಕಾನೂನಿನ ಮೇಲೆ. ಎಡ-ಬಲ ಅಂತ ಎರಡು ಭಾಗ ಮಾಡಿ ನೋಡೋ ಅಭ್ಯಾಸ ಇರೋರಿಗೆ ಈ ಕೇಸು ಎಲ್ಲೂ ಕೂರಲ್ಲ.

ಗಂಟು ಎಲ್ಲಿದೆ ಅಂದ್ರೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಈ ಚಿತ್ರ ಏನು ಹೇಳ್ತಿದೆ ಅನ್ನೋದು ಒಂದು, ಇದರ ಮುಂದೆ ದಿನಾ ಯಾರು ಓಡಾಡಬೇಕು ಅನ್ನೋದು ಇನ್ನೊಂದು. ಒಬ್ಬರು ಮೊದಲನೇದಕ್ಕೆ ಉತ್ತರ ಕೊಡ್ತಾ ಹೋದ್ರು, ಇನ್ನೊಬ್ಬರು ಎರಡನೇದಕ್ಕೆ. ಹಂಗಾಗಿ ಇಷ್ಟು ವರ್ಷ ಕಿತ್ತಾಡಿದ್ರೂ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಲೇ ಇಲ್ಲ.

ಬರೆದವರು ಯಾರು

ವಿಕ್ಟರ್ ಅರ್ನಾಟಾಫ್ ಹುಟ್ಟಿದ್ದು 1896ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ, ಅಂದ್ರೆ ಇವತ್ತಿನ ಯುಕ್ರೇನ್‌ನ ಮರಿಯುಪೋಲ್ ಕಡೆ. ಕ್ರಾಂತಿ ಆದ್ಮೇಲೆ ನಡೆದ ಅಂತರ್ಯುದ್ಧದಲ್ಲಿ ಅವರು ಹೋರಾಡಿದ್ದು ಬೊಲ್ಶೆವಿಕ್‌ಗಳ, ಅಂದ್ರೆ ಕಮ್ಯುನಿಸ್ಟರ ವಿರುದ್ಧ, ಬಿಳಿ ಸೇನೆಯ ಕುದುರೆ ಪಡೆಯ ಅಧಿಕಾರಿಯಾಗಿ. ಸೋತ ಮೇಲೆ ಚೀನಾಕ್ಕೆ ಹೋದ್ರು, ಅಲ್ಲಿ ಒಬ್ಬ ಸೇನಾನಾಯಕನ ಕೈಕೆಳಗೆ ಸ್ವಲ್ಪ ವರ್ಷ ಇದ್ದು, 1925ರಲ್ಲಿ ಚಿತ್ರಕಲೆ ಕಲಿಯೋಕೆ ಅಂತ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ್ರು.

ಅವರ ದಾರಿ ತಿರುಗಿದ್ದು ಮೆಕ್ಸಿಕೋದಲ್ಲಿ. 1929ರಿಂದ ಸುಮಾರು ಎರಡು ವರ್ಷ ಅಲ್ಲಿನ ಹೆಸರಾಂತ ಗೋಡೆಚಿತ್ರಕಾರ ಡಿಯೆಗೋ ರಿವೇರಾ ಜೊತೆ ಸಹಾಯಕರಾಗಿ ಗೋಡೆಚಿತ್ರದ ಕೆಲಸ ಮಾಡಿದ್ರು. ಕಲೆ ಅನ್ನೋದು ಸಾಹುಕಾರರ ಹಜಾರದಲ್ಲಿ ನೇತಾಡೋದಕ್ಕೆ ಅಲ್ಲ, ಜನ ಓಡಾಡೋ ಗೋಡೆ ಮೇಲೆ ಇರಬೇಕು, ಚರಿತ್ರೆಯಲ್ಲಿ ದುಡಿದವರನ್ನೂ ಸತ್ತವರನ್ನೂ ತೋರಿಸಬೇಕು ಅನ್ನೋ ಪಾಠ ಅವರಿಗೆ ಸಿಕ್ಕಿದ್ದು ಅಲ್ಲೇ. ವಾಪಸ್ ಬಂದ ಮೇಲೆ ಅವರ ಕೆಲಸ ಬಹುಪಾಲು ಆ ಊರು ಮತ್ತೆ ಅದರ ಸುತ್ತಮುತ್ತಲೇ: 1934ರ ಕೋಯ್ಟ್ ಟವರ್ ಚಿತ್ರಗಳ ಮೇಲ್ವಿಚಾರಣೆ, ಪ್ರೆಸಿಡಿಯೋದ ಚಾಪೆಲ್, ಪೆಸಿಫಿಕ್ ಗ್ರೋವ್, ಸೌತ್ ಸ್ಯಾನ್ ಫ್ರಾನ್ಸಿಸ್ಕೋದಂಥ ಕಡೆ ಪೋಸ್ಟ್ ಆಫೀಸುಗಳು. ದೇಶಕ್ಕೆಲ್ಲ ಗೊತ್ತಿದ್ದ ಹೆಸರಲ್ಲ, ಆ ಸೀಮೆಯ ಚಿತ್ರಕಾರ. 1930ರ ದಶಕದ ಕೊನೆ ಹೊತ್ತಿಗೆ ಕಮ್ಯುನಿಸ್ಟ್ ಪಾರ್ಟಿ ಸೇರಿದ್ರು, ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿ 1962ರವರೆಗೂ ಪಾಠ ಮಾಡಿದ್ರು. 1955ರಲ್ಲಿ ಆಗಿನ ಉಪಾಧ್ಯಕ್ಷ ನಿಕ್ಸನ್ ಅವರನ್ನ ಟೀಕೆ ಮಾಡಿ ಒಂದು ಪ್ರಿಂಟ್ ಮಾಡಿದ್ರು, ಅದಾದ ಮುಂದಿನ ವರ್ಷ ಅಮೆರಿಕದ ಕಾಂಗ್ರೆಸ್ಸು, ಅಂದ್ರೆ ಸಂಸತ್ತಿನ ಸಮಿತಿ ಮುಂದೆ ವಿಚಾರಣೆಗೂ ಹೋಗಬೇಕಾಯ್ತು. ಹೆಂಡತಿ ತೀರಿಕೊಂಡ ಮೇಲೆ 1963ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿಬಿಟ್ರು, 1979ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ತೀರಿಕೊಂಡ್ರು. ಈ ಕೊನೇ ಇಸವಿ ನೆನಪಿರಲಿ, ಮುಂದೆ ಕಾನೂನಿನ ವಿಷಯಕ್ಕೆ ಬೇಕಾಗುತ್ತೆ.

ಗೋಡೆ ಮೇಲೆ ಏನಿದೆ

ಜಾರ್ಜ್ ವಾಷಿಂಗ್ಟನ್ ಹೈಸ್ಕೂಲ್ ಶುರುವಾಗಿದ್ದು 1936ರಲ್ಲಿ. ಆರ್ಥಿಕ ಕುಸಿತದ ಕಾಲ, ಕೆಲಸ ಇಲ್ಲದ ಕಲಾವಿದರಿಗೆ ಸರ್ಕಾರವೇ ಸಂಬಳ ಕೊಟ್ಟು ಪೋಸ್ಟ್ ಆಫೀಸು, ಶಾಲೆ, ಆಸ್ಪತ್ರೆಗಳ ಗೋಡೆ ಮೇಲೆ ಚಿತ್ರ ಬರೆಸ್ತಿತ್ತು. ಆ ಯೋಜನೆಯಲ್ಲೇ ಈ ಶಾಲೆಯ ಮೆಟ್ಟಿಲು, ಪ್ರವೇಶದ ಹಜಾರದ ಉದ್ದಕ್ಕೂ ವಾಷಿಂಗ್ಟನ್ ಜೀವನದ ಮೇಲೆ 13 ಚಿತ್ರಗಳನ್ನ ಅರ್ನಾಟಾಫ್ ಬರೆದ್ರು, ಒಟ್ಟು ವಿಸ್ತೀರ್ಣ ಸುಮಾರು 1,600 ಚದರಡಿ.

ಜಗಳ ಇರೋದು ಮುಖ್ಯವಾಗಿ ಎರಡು ಚಿತ್ರದ ಮೇಲೆ. ಒಂದರಲ್ಲಿ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಎಸ್ಟೇಟ್, ಅಲ್ಲಿ ಗುಲಾಮರಾಗಿದ್ದ ಕಪ್ಪು ಜನ ದುಡೀತಾ ಇದ್ದಾರೆ. ಇನ್ನೊಂದರಲ್ಲಿ ವಾಷಿಂಗ್ಟನ್ ಪಶ್ಚಿಮದ ಕಡೆ ಕೈ ತೋರಿಸ್ತಿದ್ದಾರೆ, ಬಂದೂಕು ಹಿಡಿದ ಬಿಳಿಯರ ಗುಂಪು ಆ ಕಡೆ ಹೊರಟಿದೆ, ಅವರನ್ನೆಲ್ಲ ಬೂದು ಬಣ್ಣದಲ್ಲಿ ಬರೆದಿದ್ದಾರೆ, ಅವರು ದಾಟಿ ಹೋಗ್ತಾ ಇರೋದು ಕವುಚಿ ಬಿದ್ದಿರೋ ಒಬ್ಬ ಮೂಲನಿವಾಸಿಯ ಹೆಣವನ್ನ. ಆ ಹೆಣ ಆಳುದ್ದ ಇದೆ.

1936ರಲ್ಲಿ ಇದನ್ನ ಬರೆಯೋದು ಅಂದ್ರೆ ಏನು ಅಂತ ಸ್ವಲ್ಪ ಯೋಚನೆ ಮಾಡಬೇಕು. ಆಗಿನ ಮಕ್ಕಳ ಪಾಠದಲ್ಲಿ ವಾಷಿಂಗ್ಟನ್ ಅಂದ್ರೆ ಕಳಂಕ ಇಲ್ಲದ ರಾಷ್ಟ್ರಪಿತ. ಆದ್ರೆ ದಾಖಲೆ ಹೇಳೋದು ಬೇರೆ. 1799ರಲ್ಲಿ ಅವರು ಸತ್ತಾಗ ಮೌಂಟ್ ವರ್ನನ್‌ನಲ್ಲಿ 317 ಜನ ಗುಲಾಮಗಿರಿಯಲ್ಲಿದ್ರು, ಅದರಲ್ಲಿ 123 ಜನ ನೇರವಾಗಿ ಅವರದ್ದೇ ಸ್ವತ್ತು ಅಂತ ಲೆಕ್ಕದಲ್ಲಿದ್ದವರು. 1779ರಲ್ಲಿ ಅವರ ಆಜ್ಞೆ ಮೇಲೆ ಹೋದ ಸೇನೆ ಇರೋಕ್ವಾ ಅನ್ನೋ ಮೂಲನಿವಾಸಿ ಜನರ ನಲವತ್ತಕ್ಕೂ ಹೆಚ್ಚು ಹಳ್ಳಿ ಸುಟ್ಟು ಹಾಕಿತ್ತು. ಪುಸ್ತಕ ಮುಚ್ಚಿಟ್ಟಿದ್ದನ್ನ ಅದೇ ಹೆಸರಿನ ಶಾಲೆಯ ಬಾಗಿಲಲ್ಲೇ ಗೋಡೆ ಮೇಲೆ ಬರೆದು ತೋರಿಸಿದ್ದು ಅರ್ನಾಟಾಫ್. ಅವರ ಜೀವನಚರಿತ್ರೆ ಬರೆದ ಇತಿಹಾಸಕಾರ ರಾಬರ್ಟ್ ಚೆರ್ನಿ ಹೇಳೋದೂ ಇದನ್ನೇ: ಚಿತ್ರದ ನಡುವಿಗೆ ಬರೋರು ವಾಷಿಂಗ್ಟನ್ ಅಲ್ಲ, ದುಡಿಯೋರು ಮತ್ತು ಸತ್ತವರು, ಅದು ಬೇಕಂತಲೇ ಮಾಡಿದ ಟೀಕೆ.

ಇದು 2019ರಲ್ಲಿ ಹುಟ್ಟಿದ ಜಗಳ ಅಲ್ಲ

"ಈಗಿನ ಹುಡುಗರಿಗೆ ಎಲ್ಲದಕ್ಕೂ ನೋವಾಗುತ್ತೆ" ಅಂತ ತಳ್ಳಿ ಹಾಕೋರು ಒಂದು ವಿಷಯ ಮರೀತಾರೆ. ಇದೇ ಶಾಲೆಯ ಕಪ್ಪು ವಿದ್ಯಾರ್ಥಿಗಳು 1960ರ ದಶಕದ ಕೊನೆಯಲ್ಲೇ ಈ ಚಿತ್ರ ಬೇಡ ಅಂತ ಹೋರಾಟ ಮಾಡಿದ್ರು. ನಮ್ಮವರು ಈ ಗೋಡೆ ಮೇಲೆ ಗುಲಾಮರಾಗಿ ಮಾತ್ರ ಯಾಕಿದ್ದಾರೆ ಅನ್ನೋದು ಅವರ ಪ್ರಶ್ನೆ.

ಆಗ ಕಂಡುಕೊಂಡ ದಾರಿ ನನಗಂತೂ ಈ ಇಡೀ ಕಥೆಯಲ್ಲೇ ಎಲ್ಲಕ್ಕಿಂತ ಬುದ್ಧಿವಂತಿಕೆಯದ್ದು ಅನ್ಸುತ್ತೆ. ಹಳೇ ಚಿತ್ರ ಅಳಿಸಲಿಲ್ಲ, ಅದಕ್ಕೆ ಉತ್ತರವಾಗಿ ಹೊಸ ಚಿತ್ರ ಬರೆಸಿದ್ರು. ಡ್ಯೂಯಿ ಕ್ರಂಪ್ಲರ್ ಅನ್ನೋ ಕಪ್ಪು ಕಲಾವಿದರು, ಆಗಿನ್ನೂ ತುಂಬ ಚಿಕ್ಕ ವಯಸ್ಸು, ವಿದ್ಯಾರ್ಥಿಗಳೇ ಇವರು ಬೇಕು ಅಂದಿದ್ದು, ಮೆಕ್ಸಿಕೋಗೆ ಹೋಗಿ ಗೋಡೆಚಿತ್ರದ ಕೆಲಸ ಕಲ್ತು ಬಂದು 1974ರ ಹೊತ್ತಿಗೆ ತಮ್ಮ ಚಿತ್ರಗಳನ್ನ ಮುಗಿಸಿದ್ರು. ಅದರಲ್ಲಿ ಕಪ್ಪು ಜನ, ಮೂಲನಿವಾಸಿಗಳು, ಲ್ಯಾಟಿನ್ ಅಮೆರಿಕದವರು, ಏಷ್ಯಾದವರು ಬಲಿಪಶುಗಳಾಗಿ ಇಲ್ಲ, ಸಂಕೋಲೆ ಮುರಿದು ಎದ್ದು ನಿಂತವರಾಗಿ ಇದ್ದಾರೆ.

ಅಂದ್ರೆ ಅದೇ ಶಾಲೆಯಲ್ಲಿ ಎರಡು ತಲೆಮಾರಿನ ಮಾತುಕತೆ ಗೋಡೆ ಮೇಲೇ ಇದೆ. 2019ರಲ್ಲಿ ಕ್ರಂಪ್ಲರ್ ಅವರನ್ನ ಕೇಳಿದಾಗ ಅವರು ಹೇಳಿದ್ದು ಅರ್ನಾಟಾಫ್ ಚಿತ್ರ ಅಳಿಸಬಾರದು ಅಂತಲೇ, ಅದು ಹೋದ್ರೆ ತಮ್ಮ ಚಿತ್ರ ಯಾವುದಕ್ಕೆ ಉತ್ತರ ಅನ್ನೋದೇ ಹೋಗಿಬಿಡುತ್ತೆ ಅನ್ನೋ ಅರ್ಥದಲ್ಲಿ.

ಆದ್ರೆ ಆ 1974ರ ಪರಿಹಾರ ಯಾಕೆ ಬಾಳಲಿಲ್ಲ? ಗೋಡೆ ಉಳೀತು, ಅದರ ಬಗ್ಗೆ ಪಾಠ ಉಳೀಲಿಲ್ಲ. ಹೋರಾಟ ಮಾಡಿದವರು ಪಾಸಾಗಿ ಹೋದ್ರು, ಗೊತ್ತಿದ್ದ ಟೀಚರ್‌ಗಳು ರಿಟೈರ್ ಆದ್ರು, ಹೊಸದಾಗಿ ಬಂದ ಮಗುವಿಗೆ ಇದನ್ನ ಯಾರು ಬರೆದ್ರು, ಯಾಕೆ ಬರೆದ್ರು, ಎದುರಿಗಿರೋದು ಯಾಕಿದೆ ಅಂತ ಹೇಳೋ ಏರ್ಪಾಡು ಗಟ್ಟಿಯಾಗಿ ಇರಲಿಲ್ಲ. ಹೇಳೋರಿಲ್ಲದೆ ಹೋದ್ರೆ ಮಗುವಿಗೆ ಕಾಣೋದು ಟೀಕೆ ಅಲ್ಲ, ಒಂದು ಹೆಣ ಅಷ್ಟೇ. ಮಕ್ಕಳು "ಸತ್ತ ಇಂಡಿಯನ್ ಹತ್ರ ಸಿಗು" ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ತಿದ್ರು ಅನ್ನೋದು ವಾದದ ಸಮಯದಲ್ಲಿ ಮತ್ತೆ ಮತ್ತೆ ಬಂತು, ಅಲ್ಲಿ ಇಂಡಿಯನ್ ಅಂದ್ರೆ ಮೂಲನಿವಾಸಿ. ಆ ಮಾತನ್ನ ಒಬ್ಬ ಮೂಲನಿವಾಸಿ ಮಗು ಕೇಳಿಸ್ಕೊಂಡ್ರೆ ಹೇಗಿರುತ್ತೆ ಅಂತ ಯೋಚಿಸಿದ್ರೆ ಚಿತ್ರ ಬೇಡ ಅಂದವರ ಸಿಟ್ಟು ಸುಮ್ಮನೆ ಬಂದಿದ್ದಲ್ಲ ಅಂತ ಗೊತ್ತಾಗುತ್ತೆ.

2019: ಎರಡು ತಿಂಗಳಲ್ಲಿ ಎರಡು ತೀರ್ಮಾನ

ಅಲ್ಲಿ ಸ್ಕೂಲ್ ಬೋರ್ಡ್ ಅಂದ್ರೆ ಊರಿನ ಜನ ವೋಟು ಹಾಕಿ ಆರಿಸೋ 7 ಜನರ ಮಂಡಳಿ. ಸರ್ಕಾರಿ ಶಾಲೆಗಳ ದುಡ್ಡು, ಕಟ್ಟಡ, ನಿಯಮ ಎಲ್ಲ ಅವರ ಕೈಯಲ್ಲಿ. ಶಾಲೆಯ ಕಟ್ಟಡವನ್ನ ಐತಿಹಾಸಿಕ ಕಟ್ಟಡ ಅಂತ ಘೋಷಿಸೋ ಪ್ರಸ್ತಾಪ ಬಂದಾಗ ಚಿತ್ರದ ವಿಷಯ ಮತ್ತೆ ಎದ್ದಿತು, ಯಾಕಂದ್ರೆ ಒಂದ್ಸಲ ಘೋಷಣೆ ಆದ್ರೆ ಮುಂದೆ ಮುಟ್ಟೋದು ಕಷ್ಟ. ಜಿಲ್ಲೆಯ ಶಿಕ್ಷಣ ಇಲಾಖೆ ಒಂದು ಸಮಿತಿ ಮಾಡ್ತು, ಅದರಲ್ಲಿ ಮೂಲನಿವಾಸಿ ಸಮುದಾಯದವರು, ವಿದ್ಯಾರ್ಥಿಗಳು, ಶಾಲೆಯವರು, ಕಲಾವಿದರು ಇದ್ರು. ಚಿತ್ರದ ಫೋಟೋ ದಾಖಲೆ ಇಟ್ಟುಕೊಂಡು ಗೋಡೆಯಿಂದ ತೆಗೀಬೇಕು ಅಂತ ಸಮಿತಿಯ ಬಹುಮತ ಹೇಳ್ತು, ಈ ಚಿತ್ರ ಗುಲಾಮಗಿರಿ, ನರಮೇಧ, ವಸಾಹತುಶಾಹಿಯನ್ನ ವೈಭವೀಕರಿಸುತ್ತೆ ಅನ್ನೋದು ಅದರ ಕಾರಣ.

2019ರ ಜೂನ್ 25ಕ್ಕೆ ಬೋರ್ಡು ಒಮ್ಮತದಿಂದ ಬಣ್ಣ ಬಳಿದು ಅಳಿಸೋ ತೀರ್ಮಾನ ಮಾಡಿತು. ಅಂದಾಜು ಖರ್ಚು ಕಮ್ಮಿ ಅಂದ್ರೂ 6 ಲಕ್ಷ ಡಾಲರ್, ಇದರಲ್ಲಿ ಪರಿಸರ ಪರಿಶೀಲನೆಯ ಖರ್ಚೂ ಸೇರಿತ್ತು. ದೇಶದ ತುಂಬ ಗದ್ದಲ ಆಯ್ತು, ನೂರಾರು ಪ್ರೊಫೆಸರ್‌ಗಳು, ಕಲಾವಿದರು, ಬರಹಗಾರರು ಸಹಿ ಹಾಕಿ ವಿರೋಧಿಸಿದ್ರು. ಆಗಸ್ಟ್ 13ಕ್ಕೆ ಬೋರ್ಡು ಅರ್ಧ ಹಿಂದೆ ಸರೀತು: ಅಳಿಸೋದು ಬೇಡ, ಫಲಕ ಹಾಕಿ ಮುಚ್ಚೋಣ, 4-3 ವೋಟಿನಲ್ಲಿ.

ಇದರ ನಡುವೆ ಮಕ್ಕಳ ಅಭಿಪ್ರಾಯ ಏನಿತ್ತು? ಶಾಲೆಯಲ್ಲಿ ಸುಮಾರು 2,000 ವಿದ್ಯಾರ್ಥಿಗಳು, ಹೆಚ್ಚಿನವರು ಏಷ್ಯಾ ಮೂಲದವರು. 49 ಹೊಸ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕ್ಲಾಸಿನಲ್ಲಿ ಈ ಚಿತ್ರದ ಬಗ್ಗೆ ಬರೀರಿ ಅಂದಾಗ ತೆಗೀಬೇಕು ಅಂದವರು 4 ಜನ ಅಂತ ಪತ್ರಿಕೆಗಳಲ್ಲಿ ವರದಿಯಾಯ್ತು. ಇದನ್ನ ಚಿತ್ರದ ಪರ ಇರೋರು ದೊಡ್ಡ ಸಾಕ್ಷಿ ತರ ಬಳಸಿದ್ರು. ಆದ್ರೆ ಇದನ್ನ ಹುಷಾರಾಗಿ ಓದಬೇಕು, ಯಾಕಂದ್ರೆ ಒಂದು ಕ್ಲಾಸಿನ ಬಹುಮತ ಅಲ್ಪಸಂಖ್ಯಾತರ ನೋವನ್ನ ಅಳೆಯೋ ಮಾಪನ ಅಲ್ಲ, ಆ ಗೋಡೆ ಮೇಲೆ ಸತ್ತು ಬಿದ್ದಿರೋ ಜನರ ಮಕ್ಕಳು ಶಾಲೆಯಲ್ಲಿ ಬೆರಳೆಣಿಕೆಯಷ್ಟೇ ಇರೋವಾಗ ವೋಟು ಎಣಿಸಿದ್ರೆ ಅವರು ಯಾವತ್ತೂ ಸೋಲ್ತಾರೆ.

ಎರಡೂ ಕಡೆಯ ವಾದದ ಬಲ

ತೆಗೀಬೇಕು ಅನ್ನೋರ ವಾದದಲ್ಲಿ ಬಲವಾದ ಭಾಗ ಚಿತ್ರದ ಅರ್ಥಕ್ಕೆ ಸಂಬಂಧಿಸಿದ್ದೇ ಅಲ್ಲ. ಮ್ಯೂಸಿಯಂಗೆ ಜನ ಬೇಕಂತ ಹೋಗ್ತಾರೆ, ಬೇಡ ಅಂದ್ರೆ ಬಿಡ್ತಾರೆ. ಶಾಲೆಗೆ ಮಗು ಹೋಗಲೇಬೇಕು, ಕಾನೂನೇ ಹಾಗಿದೆ, ನಾಲ್ಕು ವರ್ಷ ದಿನಾ ಅದೇ ಮೆಟ್ಟಿಲು ಹತ್ತಬೇಕು. ಕಲಾವಿದರ ಉದ್ದೇಶ ಎಷ್ಟೇ ಒಳ್ಳೇದಿದ್ರೂ ತನ್ನ ಜನರ ಹೆಣದ ಪಕ್ಕ ಹಾದು ಗಣಿತದ ಕ್ಲಾಸಿಗೆ ಹೋಗೋ ಮಗುವಿಗೆ ಆ ಉದ್ದೇಶ ಸಮಾಧಾನ ಕೊಡಲ್ಲ. ತನ್ನವರು ಗೋಡೆ ಮೇಲೆ ಸತ್ತವರಾಗಿ ಅಥವಾ ದುಡಿಯೋರಾಗಿ ಮಾತ್ರ ಕಾಣ್ತಾರೆ, ಬೇರೆಯವರು ಯೋಚಿಸೋರಾಗಿ, ಆಳೋರಾಗಿ ಕಾಣ್ತಾರೆ ಅನ್ನೋದು ನಿಜವಾದ ಆಕ್ಷೇಪ.

ಅವರ ವಾದ ಸೋಲೋದು "ವೈಭವೀಕರಣ" ಅನ್ನೋ ಆರೋಪದ ಹತ್ರ. ಬೂದು ಬಣ್ಣದ ಮನುಷ್ಯರು ಹೆಣ ದಾಟಿ ಹೋಗೋದು ವೈಭವದ ಚಿತ್ರ ಅಂತ ಓದೋಕೆ ಗೋಡೆ ಮೇಲೆ ಆಧಾರ ಇಲ್ಲ. ಆ ಒಂದು ಪದದಿಂದ ಅವರಿಗೇ ನಷ್ಟ ಆಯ್ತು, ಯಾಕಂದ್ರೆ ಎದುರಿನವರು ಅದೊಂದನ್ನೇ ಹಿಡಿದು "ಇವರಿಗೆ ಚಿತ್ರ ನೋಡೋಕೇ ಬರಲ್ಲ" ಅಂದುಬಿಟ್ರು, ಮಗುವಿನ ದಿನನಿತ್ಯದ ಅನುಭವದ ಪ್ರಶ್ನೆ ಪಕ್ಕಕ್ಕೆ ಹೋಯ್ತು.

ಉಳಿಸಬೇಕು ಅನ್ನೋರ ವಾದದ ಬಲ ಇನ್ನೊಂದು ಕಡೆ ಇದೆ. ಹಿಂಸೆ ಮಾಡಿದವರ ಬಗ್ಗೆ ಸತ್ಯ ಹೇಳಿದ ಚಿತ್ರವನ್ನ ಮುಚ್ಚಿದ್ರೆ ಮರೆಯಾಗೋದು ಹಿಂಸೆಯ ದಾಖಲೆ, ಲಾಭ ಆಗೋದು ವಾಷಿಂಗ್ಟನ್ ಹೆಸರಿಗೆ. ಬಾಗಿಲ ಮೇಲೆ ಅವರ ಹೆಸರು ಹಾಗೇ ಇರುತ್ತೆ, ಅವರು ಮಾಡಿದ್ದು ಮಾತ್ರ ಕಾಣಲ್ಲ. ಇನ್ನೊಂದು, ಒಂದು ಮಂಡಳಿಗೆ ಹಿತವಲ್ಲದ ಚಿತ್ರವನ್ನ ಸಾರ್ವಜನಿಕ ಗೋಡೆಯಿಂದ ತೆಗೆಯೋ ಅಧಿಕಾರ ಒಪ್ಪಿಕೊಂಡ್ರೆ ನಾಳೆ ಬೇರೆ ಮಂಡಳಿ ಬೇರೆ ಚಿತ್ರಕ್ಕೆ ಅದೇ ಅಧಿಕಾರ ಬಳಸುತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ ಚಿತ್ರ ಉಳೀಬೇಕಿತ್ತು, ಉಳಿದಿದ್ದು ಒಳ್ಳೇದಾಯ್ತು. ಆದ್ರೆ ಉಳಿಸಿದವರಲ್ಲಿ ಬಹಳ ಜನ ಕೋರ್ಟಿಗೆ ಕೊಟ್ಟ ಶ್ರಮದಲ್ಲಿ ಕಾಲು ಭಾಗವನ್ನೂ ಆ ಮಗುವಿಗೆ ಅರ್ಥ ಮಾಡಿಸೋಕೆ ಕೊಡಲಿಲ್ಲ ಅನ್ನೋದೂ ಹೇಳಲೇಬೇಕು.

ಕಿತ್ತು ಮ್ಯೂಸಿಯಂನಲ್ಲಿ ಇಡಬಹುದಿತ್ತಲ್ಲ?

ಕೇಳಿದವರೆಲ್ಲರಿಗೂ ಮೊದಲು ಹೊಳೆಯೋ ಪರಿಹಾರ ಇದು. ತೊಂದರೆ ಏನಂದ್ರೆ ಇದು ಕ್ಯಾನ್ವಾಸ್ ಅಲ್ಲ, ಫ್ರೆಸ್ಕೋ. ಸುಣ್ಣದ ಗಾರೆ ಹಸಿಯಾಗಿರೋವಾಗಲೇ ನೀರಲ್ಲಿ ಕಲೆಸಿದ ಬಣ್ಣ ಹಚ್ತಾರೆ, ಗಾರೆ ಒಣಗ್ತಾ ಗಾಳಿ ಜೊತೆ ಸೇರಿ ಗಟ್ಟಿಯಾಗುವಾಗ ಬಣ್ಣ ಅದರೊಳಗೇ ಕೂತುಬಿಡುತ್ತೆ. ಒಂದೊಂದು ದಿನಕ್ಕೆ ಎಷ್ಟು ಬರೆಯೋಕೆ ಆಗುತ್ತೋ ಅಷ್ಟೇ ಗಾರೆ ಮೆತ್ತಿಕೊಂಡು ಕೆಲಸ ಮಾಡಬೇಕು. ಹಂಗಾಗಿ ಚಿತ್ರ ಗೋಡೆಯ ಮೇಲೆ ಇರೋದಲ್ಲ, ಗೋಡೆಯೇ ಚಿತ್ರ. ಕಿತ್ತು ತೆಗೆಯೋ ವಿಧಾನಗಳು ಇಲ್ಲ ಅಂತಲ್ಲ, ಆದ್ರೆ 1,600 ಚದರಡಿ, ಮೆಟ್ಟಿಲು ಮೂಲೆ ಎಲ್ಲ ಸೇರಿ, ಹಾಳಾಗದ ಹಾಗೆ ತೆಗೆಯೋದು ಒಂದು ಸರ್ಕಾರಿ ಶಾಲೆಯ ಬಜೆಟ್ಟಿಗೆ ಆಗೋ ಮಾತಲ್ಲ. ಅದಕ್ಕೇ ಉಳಿದಿದ್ದು ಮೂರು ದಾರಿ: ಅಳಿಸು, ಮುಚ್ಚು, ಇಲ್ಲ ಇಟ್ಟುಕೊಂಡು ಪಾಠ ಮಾಡು.

ಪರಿಸರ ಕಾನೂನು ಎಲ್ಲಿಂದ ಬಂತು

2019ರ ಅಕ್ಟೋಬರ್‌ನಲ್ಲಿ ಶಾಲೆಯ ಹಳೇ ವಿದ್ಯಾರ್ಥಿಗಳ ಸಂಘ ಕೇಸ್ ಹಾಕ್ತು. ಅವರು ಹಿಡಿದಿದ್ದು ಕ್ಯಾಲಿಫೋರ್ನಿಯಾದ ಪರಿಸರ ಗುಣಮಟ್ಟ ಕಾನೂನು, 1970ರದ್ದು. ಕಾಡು, ನದಿ, ಹೊಗೆಗೆ ಅಂತ ಇರೋ ಕಾನೂನು ಗೋಡೆಚಿತ್ರಕ್ಕೆ ಹೇಗೆ ಅಂದ್ರೆ, ಆ ಕಾನೂನಿನ ಪ್ರಕಾರ ಐತಿಹಾಸಿಕ ಮಹತ್ವ ಇರೋ ವಸ್ತುಗಳೂ ಪರಿಸರದ ಭಾಗ. ಸರ್ಕಾರಿ ಸಂಸ್ಥೆ ಏನಾದ್ರೂ ಮಾಡಿ ಅವುಗಳ ಮಹತ್ವಕ್ಕೆ ದೊಡ್ಡ ಧಕ್ಕೆ ಆಗೋ ಹಾಗಿದ್ರೆ ಮೊದಲು ಪರಿಣಾಮದ ವರದಿ ಮಾಡಿಸಬೇಕು, ಬೇರೆ ದಾರಿಗಳೇನಿವೆ ಅಂತ ನೋಡಬೇಕು, ಜನರ ಅಭಿಪ್ರಾಯ ಕೇಳಬೇಕು, ಆಮೇಲೆ ತೀರ್ಮಾನ.

ಇಲ್ಲಿ ಕ್ರಮ ಮುಖ್ಯ. ಮೊದಲೇ ತೀರ್ಮಾನ ಮಾಡಿಟ್ಟು ಆಮೇಲೆ ಅದಕ್ಕೆ ತಕ್ಕ ವರದಿ ಮಾಡಿಸೋದು ತಪ್ಪು ಅಂತ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2008ರಲ್ಲೇ ವೆಸ್ಟ್ ಹಾಲಿವುಡ್‌ನ ಒಂದು ಹಳೇ ಮನೆಯ ಕೇಸಿನಲ್ಲಿ ಹೇಳಿತ್ತು. ಸ್ಕೂಲ್ ಬೋರ್ಡು ಮಾಡಿದ್ದು ಸರಿಯಾಗಿ ಅದನ್ನೇ, ಮೊದಲು ಮುಚ್ತೀವಿ ಅಂತ ವೋಟು ಹಾಕಿ ಆಮೇಲೆ ಪರಿಶೀಲನೆ ಶುರು ಮಾಡ್ತೀವಿ ಅಂದ್ರು. 2021ರ ಜುಲೈನಲ್ಲಿ ಜಡ್ಜ್ ಆನ್-ಕ್ರಿಸ್ಟೀನ್ ಮಸೂಲೋ ಈ ಕಾರಣಕ್ಕೇ ಬೋರ್ಡಿನ ವಿರುದ್ಧ ತೀರ್ಪು ಕೊಟ್ರು.

ಈ ತೀರ್ಪನ್ನ ತುಂಬ ಜನ ತಪ್ಪಾಗಿ ಓದಿದ್ದಾರೆ. ಚಿತ್ರ ಒಳ್ಳೇದು ಅಂತಲೋ, ಮಕ್ಕಳಿಗೆ ನೋವಾಗಿಲ್ಲ ಅಂತಲೋ, ಇದನ್ನ ಯಾವತ್ತೂ ಮುಟ್ಟಬಾರದು ಅಂತಲೋ ಕೋರ್ಟು ಹೇಳಲೇ ಇಲ್ಲ. ಹೇಳಿದ್ದು ದಾರಿ ತಪ್ಪಿದೆ ಅಂತ ಮಾತ್ರ.

ಕಲಾವಿದರ ಹಕ್ಕು ಯಾಕೆ ಕೆಲಸಕ್ಕೆ ಬರಲಿಲ್ಲ

ಅಮೆರಿಕದಲ್ಲಿ 1990ರ ಒಂದು ಕಾನೂನು ಇದೆ, ತಮ್ಮ ಕೃತಿಯನ್ನ ವಿರೂಪ ಮಾಡದ ಹಾಗೆ, ಮಹತ್ವದ ಕೃತಿಯನ್ನ ನಾಶ ಮಾಡದ ಹಾಗೆ ತಡೆಯೋ ಹಕ್ಕನ್ನ ಅದು ಚಿತ್ರಕಲಾವಿದರಿಗೆ ಕೊಡುತ್ತೆ. ಆದ್ರೆ ಕಾನೂನು ಬಂದ ಮೇಲೆ ಬರೆದ ಕೃತಿಗಳಲ್ಲಿ ಆ ಹಕ್ಕು ಕಲಾವಿದರು ಬದುಕಿರೋವರೆಗೆ ಮಾತ್ರ. ಅರ್ನಾಟಾಫ್ 1979ರಲ್ಲೇ ಹೋಗಿದ್ರು, ಚಿತ್ರ 1936ರದ್ದು. ಆ ಬಾಗಿಲು ಮುಚ್ಚಿತ್ತು.

ಬದುಕಿರೋ ಕಲಾವಿದರಿಗೂ ಅದು ಅಷ್ಟು ಗಟ್ಟಿ ರಕ್ಷಣೆ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ವರ್ಮಾಂಟ್ ರಾಜ್ಯದ ಒಂದು ಖಾಸಗಿ ಕಾನೂನು ಕಾಲೇಜಿನಲ್ಲಿ ಸ್ಯಾಮ್ ಕೆರ್ಸನ್ ಅನ್ನೋ ಕಲಾವಿದರು 1993ರಲ್ಲಿ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಹೋದವರ ಬಗ್ಗೆ, ಅವರಿಗೆ ಸಹಾಯ ಮಾಡಿದವರ ಬಗ್ಗೆ ದೊಡ್ಡ ಚಿತ್ರ ಬರೆದಿದ್ರು. ಅದರಲ್ಲಿ ಕಪ್ಪು ಜನರನ್ನ ಬಿಡಿಸಿದ ರೀತಿ ವ್ಯಂಗ್ಯಚಿತ್ರದ ಹಾಗಿದೆ ಅಂತ ವಿದ್ಯಾರ್ಥಿಗಳು ಆಕ್ಷೇಪಿಸಿದ್ರು, ಕಾಲೇಜು ಫಲಕ ಹಾಕಿ ಮುಚ್ಚಿತು, ಕೆರ್ಸನ್ ಕೋರ್ಟಿಗೆ ಹೋದ್ರು. 2023ರ ಆಗಸ್ಟ್‌ನಲ್ಲಿ ಮೇಲ್ಮನವಿ ಕೋರ್ಟು ಹೇಳಿದ್ದು ಇಷ್ಟು: ಚಿತ್ರವನ್ನ ಮುಟ್ಟದೆ ಎದುರಿಗೆ ಫಲಕ ನಿಲ್ಲಿಸಿದ್ರೆ ಅದು ನಾಶವೂ ಅಲ್ಲ, ವಿರೂಪವೂ ಅಲ್ಲ, ಶಾಶ್ವತವಾಗಿ ಮುಚ್ಚಿಟ್ರೂ ಅಷ್ಟೇ.

ಇದರ ಪರಿಣಾಮ ದೊಡ್ಡದು. ಅಳಿಸಿದ್ರೆ ಕೇಸ್ ಬೀಳಬಹುದು, ಮುಚ್ಚಿದ್ರೆ ಬೀಳಲ್ಲ ಅಂತ ಸಂಸ್ಥೆಗಳಿಗೆ ಗೊತ್ತಾದ ಮೇಲೆ ಎಲ್ಲರೂ ಹಿಡಿಯೋ ದಾರಿ ಫಲಕದ್ದೇ. ಅಳಿಸೋಕೆ ಆಗದೆ ಇಟ್ಟುಕೊಳ್ಳೋಕೂ ಮನಸ್ಸಿಲ್ಲದೆ ನಡುವಿನಲ್ಲಿ ನಿಲ್ಲೋ ಈ ದಾರಿ ಇಬ್ಬರಿಗೂ ಸಮಾಧಾನ ಕೊಡಲ್ಲ, ಆದ್ರೆ ಕಾನೂನಿನ ಲೆಕ್ಕದಲ್ಲಿ ಅದಕ್ಕೇ ಅಪಾಯ ಕಮ್ಮಿ.

ಬೋರ್ಡೇ ಬದಲಾಯ್ತು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಂದಿನ ಕಥೆ ಚಿತ್ರಕ್ಕಿಂತ ದೊಡ್ಡದಾಗಿ ಬೆಳೀತು. 2021ರ ಜನವರಿಯಲ್ಲಿ ಇದೇ ಬೋರ್ಡು 44 ಶಾಲೆಗಳ ಹೆಸರು ಬದಲಾಯಿಸೋಕೆ ವೋಟು ಹಾಕ್ತು, ಅದರಲ್ಲಿ ಲಿಂಕನ್ ಹೆಸರೂ ಇತ್ತು, ವಾಷಿಂಗ್ಟನ್ ಹೈಸ್ಕೂಲಿನ ಹೆಸರೂ ಇತ್ತು. ಕೋವಿಡ್‌ನಿಂದ ಶಾಲೆ ಇನ್ನೂ ಬಾಗಿಲು ತೆಗೆದಿರಲಿಲ್ಲ, ಮಕ್ಕಳು ಮನೇಲೇ ಸ್ಕ್ರೀನ್ ಮುಂದೆ ಕೂತಿದ್ರು, ಅಂಥ ಹೊತ್ತಲ್ಲಿ ಹೆಸರಿನ ಕೆಲಸ ಹಿಡ್ಕೊಂಡಿದ್ದಕ್ಕೆ ಅಪ್ಪ ಅಮ್ಮಂದಿರು ಸಿಟ್ಟಾದ್ರು. ಏಪ್ರಿಲ್‌ನಲ್ಲಿ ಆ ತೀರ್ಮಾನ ವಾಪಸ್ ಹೋಯ್ತು. 2022ರ ಫೆಬ್ರವರಿ 15ಕ್ಕೆ ಜನ ವೋಟು ಹಾಕಿ ಬೋರ್ಡಿನ ಮೂವರು ಸದಸ್ಯರನ್ನ ಅವಧಿ ಮುಗಿಯೋ ಮುಂಚೆಯೇ ಕೆಳಗಿಳಿಸಿದ್ರು. ಅದಕ್ಕೆ ಕಾರಣ ಶಾಲೆ ತೆರೆಯದೇ ಇದ್ದಿದ್ದು, ಒಂದು ಹೆಸರಾಂತ ಹೈಸ್ಕೂಲಿನ ಪ್ರವೇಶ ನಿಯಮ ಬದಲಾಯಿಸಿದ್ದು, ಹೀಗೆ ಹಲವು, ಚಿತ್ರ ಅದರಲ್ಲಿ ಒಂದು ಸಣ್ಣ ಭಾಗ. ಹೊಸ ಬೋರ್ಡು 2022ರ ಜೂನ್‌ನಲ್ಲಿ ಚಿತ್ರ ಮುಚ್ಚೋ ತೀರ್ಮಾನವನ್ನ ರದ್ದು ಮಾಡ್ತು. ಅದೂ 4-3ರಲ್ಲೇ.

ಬೇರೆ ಕ್ಯಾಂಪಸ್‌ಗಳಲ್ಲಿ ಏನು ಮಾಡಿದ್ರು

ಇಂಡಿಯಾನಾ ಯೂನಿವರ್ಸಿಟಿ ಕೇಸು ತುಂಬ ಹತ್ತಿರದ್ದು. ಅಮೆರಿಕದ ಮಧ್ಯಪಶ್ಚಿಮ ಭಾಗದ ಪ್ರಾದೇಶಿಕ ಶೈಲಿಗೆ ಹೆಸರಾದ ಥಾಮಸ್ ಹಾರ್ಟ್ ಬೆಂಟನ್ 1933ರಲ್ಲಿ ಇಂಡಿಯಾನಾ ರಾಜ್ಯದ ಇತಿಹಾಸವನ್ನ ಚಿತ್ರವಾಗಿ ಬರೆದ್ರು, ಅದರ ಒಂದು ಫಲಕದಲ್ಲಿ ಬಿಳಿಯರೇ ಮೇಲು ಅಂತ ಹಿಂಸೆ ಮಾಡ್ತಿದ್ದ ಕು ಕ್ಲಕ್ಸ್ ಕ್ಲಾನ್‌ನವರು ಶಿಲುಬೆ ಸುಡ್ತಿದ್ದಾರೆ. ಅದರ ಮುಂದೆ ಕ್ಲಾನ್ ಬಣ್ಣ ಬಯಲು ಮಾಡಿದ ಪತ್ರಕರ್ತರೂ ಇದ್ದಾರೆ, ಮಕ್ಕಳ ಆರೈಕೆ ಮಾಡೋ ನರ್ಸ್ ಕೂಡ ಇದ್ದಾರೆ. 1920ರ ದಶಕದಲ್ಲಿ ಆ ರಾಜ್ಯದ ರಾಜಕಾರಣ ಕ್ಲಾನ್ ಕೈಯಲ್ಲಿತ್ತು, ಅದನ್ನ ಬಯಲಿಗೆಳೆದ ಇಂಡಿಯಾನಾಪೊಲಿಸ್ ಟೈಮ್ಸ್ ಪತ್ರಿಕೆಗೆ 1928ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅಂದ್ರೆ ಇದೂ ಟೀಕೆಯ ಚಿತ್ರವೇ. ಆದ್ರೆ ಅದು ಇದ್ದಿದ್ದು ಒಂದು ದೊಡ್ಡ ತರಗತಿಯೊಳಗೆ, ಪರೀಕ್ಷೆ ಬರೆಯೋ ವಿದ್ಯಾರ್ಥಿಯ ಪಕ್ಕದಲ್ಲೇ ಕ್ಲಾನ್ ಮುಖವಾಡ. 2017ರಲ್ಲಿ ಯೂನಿವರ್ಸಿಟಿ ಚಿತ್ರ ಮುಟ್ಟಲಿಲ್ಲ, ಆ ಕೋಣೆಯಲ್ಲಿ ಪಾಠ ನಿಲ್ಲಿಸ್ತು. ನೋಡೋರು ಬೇಕಂತ ಬಂದು ನೋಡಲಿ, ಬೇಡದವರು ಕೂರೋದು ಬೇಡ. ನಾನು ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನ ಬೇರೆ ಮಾಡಿ ನೋಡಿದ್ದು ಇಲ್ಲೇ. ಆದ್ರೆ ಹೈಸ್ಕೂಲಿನ ಮುಖ್ಯ ಮೆಟ್ಟಿಲನ್ನ ಹಾಗೆ ಖಾಲಿ ಮಾಡೋಕೆ ಆಗಲ್ಲ, ಅದು ನಿಜ.

ಕೆಂಟಕಿ ಯೂನಿವರ್ಸಿಟಿಯಲ್ಲಿ ಆಗಿದ್ದು ಕ್ರಂಪ್ಲರ್ ಕಥೆಯ ಇನ್ನೊಂದು ರೂಪ. ಆನ್ ರೈಸ್ ಓಹ್ಯಾನ್ಲನ್ ಅನ್ನೋ ಆ ಭಾಗದ ಕಲಾವಿದೆ 1934ರಲ್ಲಿ ಬರೆದ ಫ್ರೆಸ್ಕೋದಲ್ಲಿ ಕಪ್ಪು ಜನ ಹೊಲದಲ್ಲಿ ಬಗ್ಗಿ ದುಡೀತಿದ್ದಾರೆ. 2015ರಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆ ಆದ್ಮೇಲೆ ಸ್ವಲ್ಪ ಕಾಲ ಬಟ್ಟೆ ಹೊದಿಸಿದ್ರು, ಆಮೇಲೆ ಕಪ್ಪು ಕಲಾವಿದೆ ಕ್ಯಾರಿನ್ ಒಲಿವಿಯರ್ ಅವರಿಂದ 2018ರಲ್ಲಿ ಉತ್ತರವಾಗಿ ಹೊಸ ಕೃತಿ ಮಾಡಿಸಿದ್ರು, ಹಳೇ ಚಿತ್ರದಲ್ಲಿರೋ ಅದೇ ದುಡಿಯೋ ಜನರನ್ನ ಅವರು ಬಂಗಾರದ ಹಿನ್ನೆಲೆಯಲ್ಲಿ ಮೇಲೆತ್ತಿ ತೋರಿಸಿದ್ರು. 2020ರಲ್ಲಿ ಯೂನಿವರ್ಸಿಟಿ ಹಳೇದನ್ನ ತೆಗೀತೀವಿ ಅಂದಾಗ ಒಲಿವಿಯರ್ ವಿರೋಧಿಸಿದ್ರು, ಹಳೇದು ಇಲ್ಲದೆ ತಮ್ಮದಕ್ಕೆ ಅರ್ಥ ಇಲ್ಲ ಅಂತ. ಎರಡು ಊರು, ಎರಡು ತಲೆಮಾರು, ಉತ್ತರ ಬರೆದ ಇಬ್ಬರು ಕಪ್ಪು ಕಲಾವಿದರು, ಇಬ್ಬರ ಮಾತೂ ಒಂದೇ. ನೋವಾಗುತ್ತೆ ಅನ್ನೋರ ಹೆಸರಲ್ಲಿ ತೀರ್ಮಾನ ಮಾಡಿದ ಆಡಳಿತಗಳು, ಆ ನೋವಿಗೆ ಕೈಯಾರೆ ಉತ್ತರ ಕೊಟ್ಟವರ ಮಾತಿಗೆ ಕಮ್ಮಿ ಬೆಲೆ ಕೊಟ್ಟವು.

ಮುಂದೆ ಏನಾಗಬಹುದು

ದೊಡ್ಡ ಬದಲಾವಣೆ ಆಗಿರೋದು ಹೊರಗಿನ ಗಾಳಿಯಲ್ಲಿ. 2025ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರ ಒಂದು ಆದೇಶ ಹೊರಡಿಸ್ತು, ಕೇಂದ್ರದ ಮ್ಯೂಸಿಯಂ, ಸ್ಮಾರಕಗಳಲ್ಲಿ ಅಮೆರಿಕದ ಚರಿತ್ರೆಯನ್ನ ಕೀಳಾಗಿ ತೋರಿಸೋದು ಸರಿಯಾಗಬೇಕು ಅಂತ. ರಾಷ್ಟ್ರೀಯ ಉದ್ಯಾನಗಳ ಫಲಕಗಳನ್ನೂ ಪರಿಶೀಲನೆ ಮಾಡೋಕೆ ಹೊರಟರು, ಫಿಲಡೆಲ್ಫಿಯಾದಲ್ಲಿ ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ ಇದ್ದ ಮನೆಯ ಜಾಗ, ಅಲ್ಲಿ ಅವರು ಇಟ್ಟುಕೊಂಡಿದ್ದ 9 ಜನ ಗುಲಾಮರ ಬಗ್ಗೆ ಇರೋ ಪ್ರದರ್ಶನ ಕೂಡ ಆ ಪರಿಶೀಲನೆಗೆ ಬಂತು. 2019ರಲ್ಲಿ ವಾಷಿಂಗ್ಟನ್ ಮತ್ತು ಗುಲಾಮಗಿರಿಯ ಚಿತ್ರ ಮರೆಯಾಗಬೇಕು ಅಂದಿದ್ದು ಗುಲಾಮರ ವಂಶದವರ ಪರ ಮಾತಾಡ್ತೀವಿ ಅಂದವರು. ಈಗ ಅದೇ ವಿಷಯ ಮರೆಯಾಗಲಿ ಅಂತಿರೋದು ವಾಷಿಂಗ್ಟನ್ ಗೌರವದ ಪರ ಮಾತಾಡೋರು. ಉದ್ದೇಶ ಪೂರ್ತಿ ಬೇರೆ, ಎರಡನ್ನೂ ಒಂದೇ ತೂಕಕ್ಕೆ ಹಾಕೋದು ಅನ್ಯಾಯ. ಆದ್ರೆ ಗೋಡೆ ಮೇಲೆ ಆಗೋ ಪರಿಣಾಮ ನೋಡಿದ್ರೆ ವ್ಯತ್ಯಾಸ ಇಲ್ಲ, ಎರಡರಲ್ಲೂ ಹೋಗೋದು ಆ ಗುಲಾಮರ ಗುರುತೇ.

ಹೈಸ್ಕೂಲಿನ ಮಟ್ಟಿಗೆ ಹೇಳೋದಾದ್ರೆ ಚಿತ್ರಕ್ಕೆ ಶಾಶ್ವತ ರಕ್ಷಣೆ ಸಿಕ್ಕಿಲ್ಲ. ಕೋರ್ಟು ಹೇಳಿದ್ದು ಕ್ರಮ ಪಾಲಿಸಿ ಅಂತ. ಮುಂದೆ ಯಾವುದಾದ್ರೂ ಬೋರ್ಡು ಮೊದಲು ಪರಿಣಾಮದ ವರದಿ ಮಾಡಿಸಿ, ಬೇರೆ ದಾರಿಗಳನ್ನ ನಿಜವಾಗಿ ತೂಗಿ, ಜನರ ಮಾತು ಕೇಳಿ ಆಮೇಲೆ ಮುಚ್ಚೋಣ ಅಂತ ವೋಟು ಹಾಕಿದ್ರೆ ತಡೆಯೋದು ಕಷ್ಟ, ಮತ್ತೆ ಮುಚ್ಚೋಣ ಅಂದಾಗಲೂ ಅದನ್ನ ರದ್ದು ಮಾಡಿದಾಗಲೂ ತೀರ್ಮಾನ ಆಗಿದ್ದು ಒಂದೇ ಒಂದು ವೋಟಿನ ಅಂತರದಲ್ಲಿ. ಐತಿಹಾಸಿಕ ಕಟ್ಟಡದ ಘೋಷಣೆಯೊಂದೇ ಸಾಕು ಅಂತ ಕೂತ್ಕೊಂಡ್ರೆ ಗೋಡೆ ಉಳಿಯಬಹುದು, 1974ರ ನಂತರ ಆಗಿದ್ದೇ ಮತ್ತೆ ಆಗುತ್ತೆ, ಹತ್ತು ಹದಿನೈದು ವರ್ಷಕ್ಕೆ ಇನ್ನೊಂದು ತಲೆಮಾರಿನ ಮಕ್ಕಳು ಅದೇ ಪ್ರಶ್ನೆ ಹೊಸದಾಗಿ ಕೇಳ್ತಾರೆ. ಒಂಬತ್ತನೇ ತರಗತಿಗೆ ಸೇರಿದ ವಾರದಲ್ಲೇ ಎರಡೂ ಕಲಾವಿದರ ಚಿತ್ರಗಳ ಮುಂದೆ ನಿಲ್ಲಿಸಿ ಪಾಠ ಮಾಡೋದು, ಮೂಲನಿವಾಸಿ ಸಮುದಾಯದವರನ್ನೇ ಕರೆಸಿ ಮಾತಾಡಿಸೋದು, ಗೋಡೆ ಪಕ್ಕ ಓದೋಕೆ ಸಿಗೋ ಹಾಗೆ ವಿವರ ಹಾಕೋದು, ಇದೆಲ್ಲ ಸೇರಿಸಿದ್ರೂ ಅಳಿಸೋಕೆ ಅಂತ ಲೆಕ್ಕ ಹಾಕಿದ್ದ 6 ಲಕ್ಷ ಡಾಲರ್ ಹತ್ರಕ್ಕೂ ಹೋಗಲ್ಲ, ಇದಕ್ಕೆ ಯಾವ ಕೋರ್ಟಿನ ಅನುಮತಿಯೂ ಬೇಕಿಲ್ಲ, ಬೋರ್ಡು ಮನಸ್ಸು ಮಾಡಿದ್ರೆ ಮುಂದಿನ ಶಾಲಾ ವರ್ಷದಿಂದಲೇ ಶುರು ಮಾಡಬಹುದು.